ತಿರುವಿನಲ್ಲಿ ನಿಂತು ಕೇಳುವ ಕಿವಿಯಕ್ಕ

ಬೆಳಕು ಇನ್ನೂ ಬೀದಿಗೆ ಇಳಿದಿಲ್ಲ. ಸಾಲಿನ ಕೊನೆಯ ಮನೆಯ ಬಾಗಿಲು ತೆರೆಯುತ್ತದೆ. ಒಳಗಿನಿಂದ ಮೊದಲು ಒಂದು ಹಲಗೆ ಬಂದು ಹೊಸ್ತಿಲಿಗೆ ಒರಗುತ್ತದೆ. ಅದರ ಮೇಲಿಂದ ಸ್ಕೂಟರೊಂದರ ಹಿಂದಿನ ಚಕ್ರ ನಿಧಾನವಾಗಿ ಇಳಿಯುತ್ತದೆ. ಕೊನೆಗೆ ಕಾಣುವವರು ಹ್ಯಾಂಡಲ್ ಹಿಡಿದ, ಗಂಡನ ಹಳೆಯ ಖಾಕಿ ಅಂಗಿಯ ತೋಳು ಮಡಚಿಕೊಂಡ, ಐವತ್ತು ದಾಟಿದ ಹೆಂಗಸು.

ಸ್ಕೂಟರ್ ನೀಲಿ ಬಣ್ಣದ್ದು, ಮನೆಮನೆಗೆ ಬ್ರೆಡ್ ಹಂಚುವವನದು. ಗಾಡಿ ಮಿಸ್ಸಿಂಗ್ ಹೊಡೆಯುತ್ತಿದೆ, ಪಿಕಪ್ ಇಲ್ಲ ಎಂಬುದು ಅವನ ದೂರು. ಕೆಲಸಕ್ಕೆ ಹೊರಡುವ ಹೊತ್ತಿಗೆ ಅವನಿಗೆ ಅದು ಬೇಕು.

ಎರಡನೆಯ ಕಿಕ್ಕಿಗೆ ಎಂಜಿನ್ ಹತ್ತಿಕೊಳ್ಳುತ್ತದೆ. ಆಮೇಲೆ ಆಕೆ ಮಾಡುವುದು ಹೊಸಬರಿಗೆ ವಿಚಿತ್ರವಾಗಿ ಕಾಣುತ್ತದೆ. ಗಾಡಿಗೆ ಬೆನ್ನು ಹಾಕಿ ಮೆಟ್ಟಿಲ ಮೇಲೆ ಕೂರುತ್ತಾರೆ. "ಗಾಡಿ ಮುಖ ನೋಡ್ತಾ ಕೂತ್ರೆ ಕಣ್ಣು ಮಧ್ಯೆ ಬಾಯಿ ಹಾಕುತ್ತೆ. ಕಿವಿಗೆ ಅದರ ಪಾಡಿಗೆ ಕೆಲಸ ಮಾಡೋಕೆ ಬಿಡಬೇಕು" ಎನ್ನುತ್ತಾರೆ.

ಕೇಳಿಸಿಕೊಂಡು ಮುಗಿದ ಮೇಲೆ ಎದ್ದು ಎಂಜಿನ್ ನಿಲ್ಲಿಸಿ, ಪ್ಲಗ್ ಬಿಚ್ಚಿ ಬಲ್ಬಿನ ಬೆಳಕಿಗೆ ಹಿಡಿಯುತ್ತಾರೆ. ಪ್ಲಗ್ಗಿನ ತುದಿ ಸುಣ್ಣದಂತೆ ಬಿಳುಚಿಕೊಂಡಿದ್ದರೆ ಎಂಜಿನ್ನಿಗೆ ಗಾಳಿ ಹೆಚ್ಚಾಗಿದೆ, ಕಾಡಿಗೆಯಂತೆ ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಇಟ್ಟಿಗೆ ಪುಡಿಯ ಬಣ್ಣವಿದ್ದರೆ ಎರಡೂ ಹದವಾಗಿವೆ ಎಂದು ಲೆಕ್ಕ. ಇದು ಕಾಡಿಗೆ. ಆಕೆ ಸ್ಕ್ರೂಡ್ರೈವರ್‌ಗೆ ಕೈ ಹಾಕುವುದಿಲ್ಲ. ಮೊದಲು ಗಾಳಿಯ ಫಿಲ್ಟರ್ ತೆಗೆದು ಮೆಟ್ಟಿಲಿಗೆ ಬಡಿಯುತ್ತಾರೆ. ಹಿಟ್ಟು ಉದುರುತ್ತದೆ. ಬೇಕರಿಯ ಹಿಂದೆ, ಹಿಟ್ಟಿನ ಮೂಟೆಗಳ ಪಕ್ಕದಲ್ಲೇ ಗಾಡಿ ನಿಲ್ಲಿಸುವುದು ಅವನ ಅಭ್ಯಾಸ.

"ಊರಿಗೆಲ್ಲಾ ಹಂಚಿ ಮಿಕ್ಕಿದ್ದು ಗಾಡಿಗೆ ತಿನ್ನಿಸ್ತಾನೆ" ಎಂದು ಗೊಣಗುತ್ತಾ ಫಿಲ್ಟರನ್ನು ಪೆಟ್ರೋಲಿನಲ್ಲಿ ಅದ್ದುತ್ತಾರೆ.

ಬೀದಿಯವರು ಇವರನ್ನು ಕರೆಯುವುದು ಕಿವಿಯಕ್ಕ ಎಂದು. ಹಳೆಯ ಕಾರ್ಬ್ಯುರೇಟರ್ ಸ್ಕೂಟರುಗಳ ದೋಷ ಹುಡುಕಿ, ಎಂಜಿನ್ ಟ್ಯೂನ್ ಮಾಡಿಕೊಡುವುದು ವೃತ್ತಿ. ಬೋರ್ಡಿಲ್ಲ, ಅಂಗಡಿಯಿಲ್ಲ. ಒಂದು ಕೋಣೆ, ಒಂದು ಅಡುಗೆಮನೆ, ಇಷ್ಟೇ ಮನೆ. ಕೋಣೆಯ ಒಂದು ಬದಿಗೆ ಮಂಚ, ಇನ್ನೊಂದು ಬದಿಗೆ ಎರಡು ಸ್ಕೂಟರಿನಷ್ಟು ಜಾಗ. ಸ್ಪ್ಯಾನರುಗಳು ಕನ್ನಡಿಯ ಕೆಳಗಿನ ಗೂಡಿನಲ್ಲಿ, ಬಾಚಣಿಗೆಯ ಜೊತೆಗೇ ಇವೆ. ಅಡುಗೆಯ ಬಟ್ಟಲು ಯಾವುದು, ಕಾರ್ಬ್ಯುರೇಟರಿನ ಬಿಡಿಭಾಗ ನೆನೆಹಾಕುವ ಬಟ್ಟಲು ಯಾವುದು ಎಂದು ತಿಳಿಯಲು ಎರಡನೆಯದರ ಕುತ್ತಿಗೆಗೆ ಕೆಂಪು ದಾರ ಕಟ್ಟಿದ್ದಾರೆ.

ಮಂಚದ ಅಂಚಿಗೆ ತಾಗಿಕೊಂಡು ಒಂದು ಬೂದು ಬಣ್ಣದ ಸ್ಕೂಟರ್ ನಿಂತಿದೆ. ಇದು ಗಿರಾಕಿಯದಲ್ಲ, ಮನೆಯದು. ಈ ಬೆಳಗ್ಗೆ ಅದರ ಪರೀಕ್ಷೆ. ಆದರೆ ಬೇರೆಯವರ ಗಾಡಿ ಮುಗಿಯುವವರೆಗೆ ಸ್ವಂತ ಗಾಡಿ ಮುಟ್ಟಬಾರದು ಎಂಬುದು ಈ ಮನೆಯ ಹಳೆಯ ಕಟ್ಟಳೆ. ಕಟ್ಟಳೆ ಮಾಡಿದವರು ಗಂಡ, ಮೆಕ್ಯಾನಿಕ್. ಅವರು ತೀರಿಕೊಂಡು ಎರಡೂವರೆ ವರ್ಷವಾಗಿದೆ.

ಕೆಲಸ ಕಲಿತದ್ದು ಹೇಗೆ ಎಂದರೆ ಕಿವಿಯಕ್ಕ ಅಡುಗೆಮನೆಯ ಕಡೆ ಕೈ ತೋರಿಸುತ್ತಾರೆ. ಮದುವೆಯಾದ ಹೊಸತರಲ್ಲಿ ಒಲೆಯ ಮುಂದೆ ನಿಂತು, ಹೊರಗೆ ಗಂಡ ಟ್ಯೂನ್ ಮಾಡುತ್ತಿದ್ದ ಎಂಜಿನ್ ಬಗ್ಗೆ "ಅದ್ಯಾಕೋ ಕೆಮ್ತಾ ಇದೆಯಲ್ಲ" ಅಂದರಂತೆ. ಗಂಡ ನಕ್ಕರು. ಮರುದಿನ ಅದೇ ಗಾಡಿ ಕೆಮ್ಮಿಕೊಂಡೇ ವಾಪಸ್ ಬಂತು. ಆಮೇಲೆ ಅವರು ನಗಲಿಲ್ಲ, ಹೆಂಡತಿಯನ್ನು ಬೀದಿಯ ತಿರುವಿಗೆ ಕರೆದೊಯ್ದು ನಿಲ್ಲಿಸಿದರು.

ಅಲ್ಲಿಂದ ಇಬ್ಬರ ಕೆಲಸ ಶುರುವಾಯಿತು. ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಗಾಡಿ ಅರ್ಧ ಸುಳ್ಳು ಹೇಳುತ್ತದೆ, ಮೈಮೇಲೆ ಭಾರ ಬಿದ್ದು ಓಡುವಾಗಲೇ ಪೂರ್ತಿ ಬಾಯಿ ಬಿಡುತ್ತದೆ ಎಂದು ಗಂಡ ಹೇಳುತ್ತಿದ್ದರು. ಆದರೆ ಓಡಿಸುವವನ ಕಿವಿಗೆ ಬೀಳುವುದು ಗಾಳಿಯ ಸದ್ದು. ಹಾಗಾಗಿ ಅವರು ಓಡಿಸುತ್ತಿದ್ದರು, ಇವರು ತಿರುವಿನಲ್ಲಿ ನಿಂತು ಕೇಳುತ್ತಿದ್ದರು. ಬಲಗೈ ಎತ್ತಿದರೆ ಪೆಟ್ರೋಲ್ ಜಾಸ್ತಿ. ಎಡಗೈ ಎತ್ತಿದರೆ ಗಾಳಿ ಜಾಸ್ತಿ. ಬೆನ್ನು ತಿರುಗಿಸಿ ಮನೆಯೊಳಗೆ ಹೋದರೆ ಗಾಡಿ ಸರಿ ಇದೆ ಎಂದರ್ಥ. "ನಾನು ಬೆನ್ನು ತಿರುಗಿಸಿದ್ರೆ ಇವರಿಗೆ ಖುಷಿಯೋ ಖುಷಿ. ನೋಡಿದೋರು ಗಂಡ ಹೆಂಡ್ತಿ ಜಗಳ ಅಂದ್ಕೊಳ್ತಿದ್ರು" ಎಂದು ನಗುತ್ತಾರೆ.

ಈಗ ಆ ಕೆಲಸಕ್ಕೆ ಒಬ್ಬರು ಕಡಿಮೆ. ಸ್ಪ್ಯಾನರ್ ಹಿಡಿಯುವುದನ್ನು ಕಿವಿಯಕ್ಕ ಒಬ್ಬರೇ ಕಲಿತುಕೊಂಡರು. ಆದರೆ ಓಡಿಸುತ್ತಲೇ ತಿರುವಿನಲ್ಲಿ ನಿಲ್ಲುವುದು ಯಾರಿಂದಲೂ ಆಗದು. ಗಿರಾಕಿಗಳಿಗೇ ಒಂದು ಸುತ್ತು ಹೋಗಿಬನ್ನಿ ಎನ್ನುತ್ತಾರೆ. ಗಿರಾಕಿಗಳು ಒಂದೇ ವೇಗದಲ್ಲಿ ಬರುವುದಿಲ್ಲ. ಬೀದಿ ಜನ ನೋಡುತ್ತಿದ್ದರೆ ಸಾಕು, ರೇಸ್ ಕೊಡುತ್ತಾರೆ. ಕೆಲವರಿಗಂತೂ ಹೆಂಗಸು ಪ್ಲಗ್ ಬಿಚ್ಚುವುದನ್ನು ಕಂಡರೆ ಕೈ ಕಡಿಯುತ್ತದೆ, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಬುದ್ಧಿ ಹೇಳುತ್ತಾರೆ. ಹೊಸ ಸ್ಕೂಟರುಗಳಲ್ಲಿ ಗಾಳಿ-ಪೆಟ್ರೋಲ್ ಹದ ಮಾಡಲು ತಿರುಗಿಸುವ ಸ್ಕ್ರೂ ಕೂಡ ಇಲ್ಲ. ಹಿಂದೆ ದಿನಕ್ಕೆ ಎರಡು ಮೂರು ಗಾಡಿ ಬರುತ್ತಿದ್ದ ಮನೆಗೆ ಈಗ ವಾರಕ್ಕೆ ನಾಲ್ಕು ಬಂದರೆ ಹೆಚ್ಚು. ಗಾಡಿ ಬಾರದ ದಿನ ಮಾತು ಕೂಡ ಬರುವುದಿಲ್ಲ. ಅಂಥ ದಿನ ಸಂಜೆ ಒಡಹುಟ್ಟಿದ ಅಕ್ಕನ ಫೋನು ಬಂದಾಗ ಗಂಟಲು ಸರಿಮಾಡಿಕೊಂಡು 'ಹಲೋ' ಎನ್ನಬೇಕಾಗುತ್ತದೆ.

ಅಕ್ಕನ ಮನೆ ಊರಿನ ಇನ್ನೊಂದು ತುದಿಯಲ್ಲಿ, ನೀರಿನ ಟ್ಯಾಂಕಿನ ಏರು ಹತ್ತಿ ಆಚೆಗೆ ಇಳಿದರೆ ಸಿಗುತ್ತದೆ. ಒಂಟಿ ಹೆಂಗಸು ಆ ಎಣ್ಣೆ ಜಿಡ್ಡಿನಲ್ಲಿ ಎಷ್ಟು ದಿನ ಇರುತ್ತೀಯ, ಎಲ್ಲ ಮಾರಿ ಇಲ್ಲಿಗೆ ಬಾ, ಕೋಣೆ ಖಾಲಿ ಇದೆ ಎಂದು ಆಕೆ ಎರಡು ವರ್ಷದಿಂದ ಕರೆಯುತ್ತಿದ್ದಾರೆ. ತಂಗಿಯ ಉತ್ತರ ಒಂದೇ: ಬೂದು ಗಾಡಿ ಸರಿಯಾಗಲಿ, ಆಮೇಲೆ ನೋಡೋಣ.

ಈ ಗಾಡಿಯ ಕಾಟ ಗಂಡ ಇದ್ದಾಗಲೇ ಶುರುವಾದದ್ದು. ಮನೆಯ ಮುಂದೆ ಎಷ್ಟು ಹೊತ್ತು ಬೇಕಾದರೂ ಓಡುತ್ತದೆ. ಬೀದಿಯಲ್ಲಿ ಸುತ್ತು ಹಾಕಿದರೂ ತಕರಾರಿಲ್ಲ. ಅಕ್ಕನ ಮನೆಗೆ ಹೊರಟರೆ ಮಾತ್ರ ಟ್ಯಾಂಕಿನ ಏರಿನಲ್ಲಿ, ಅರ್ಧಕ್ಕೆ, ಉಸಿರು ಕಟ್ಟಿದಂತೆ ನಿಂತುಬಿಡುತ್ತದೆ. ಗಂಡ ಕೆಳಗಿಳಿದು ಪ್ಲಗ್ ಬಿಚ್ಚಿ, ಒರೆಸಿ, ಮತ್ತೆ ಹಾಕುವಷ್ಟರಲ್ಲಿ ಗಾಡಿ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತಿತ್ತು. ಅಂದರೆ ಬಿಸಿಯಾದಾಗ ಕಿಡಿ ಸಾಯುತ್ತಿದೆ ಎಂದು ಅವರು ಕಾಯಿಲ್ ಬದಲಿಸಿದರು. ವೈರಿಂಗ್ ಬದಲಿಸಿದರು. ಗಾಡಿ ಮತ್ತೆ ಅದೇ ಏರಿನಲ್ಲಿ ನಿಂತಿತು. ಕಡೆಯ ಸಲ ಇಬ್ಬರೂ ತಳ್ಳಿಕೊಂಡು ಮನೆಗೆ ಬಂದರು. "ಇದೊಂದು ಗಾಡಿ ನನ್ನ ಕೈಗೆ ಸಿಗಲಿಲ್ಲ ಕಣೇ" ಅಂದರಂತೆ. ಆ ವಾರವೇ ಜ್ವರ ಹಿಡಿದು ಮಲಗಿದವರು ಏಳಲಿಲ್ಲ.

ಅಲ್ಲಿಂದೀಚೆಗೆ ಕಿವಿಯಕ್ಕ ಅದನ್ನು ಎಷ್ಟು ಸಲ ಬಿಚ್ಚಿ ಜೋಡಿಸಿದ್ದಾರೆ ಎಂಬುದಕ್ಕೆ ಲೆಕ್ಕವಿಲ್ಲ. ಪ್ರತಿ ಸಲವೂ ಕ್ರಮ ಒಂದೇ. ಹೊರಡುವ ಮುಂಚೆ ಟ್ಯಾಂಕಿನ ಮುಚ್ಚಳ ತೆಗೆದು ಪೆಟ್ರೋಲ್ ನೋಡುವುದು, ಮುಚ್ಚುವುದು, ಹೊರಡುವುದು, ಏರಿನಲ್ಲಿ ನಿಲ್ಲುವುದು.

ಆ ಏರಿನಲ್ಲಿ, ಗಾಡಿ ನಿಲ್ಲುವ ಜಾಗಕ್ಕೆ ಎದುರಾಗಿ ಬೀಗ ರಿಪೇರಿಯವನೊಬ್ಬ ಕೂರುತ್ತಾನೆ. ಸ್ಕೂಟರ್ ನಿಂತದ್ದು ಕಂಡರೆ ದಾರಿಹೋಕರೆಲ್ಲ ಕೇಳುವ ಪ್ರಶ್ನೆಯೊಂದಿದೆ. ಮೆಕ್ಯಾನಿಕ್ ಆದವರಿಗೆ ಅದನ್ನು ಕೇಳಿದರೆ ಮೈ ಉರಿಯುತ್ತದೆ. ಬೀಗದವನು ಎರಡೂವರೆ ವರ್ಷದಿಂದ ತಪ್ಪದೆ ಅದನ್ನೇ ಕೇಳಿದ್ದಾನೆ. ಕಳೆದ ಬುಧವಾರವೂ ಕೇಳಿದ.

"ಪೆಟ್ರೋಲ್ ಇದೆಯೇನಕ್ಕ?"

ಅಂದು ಕಿವಿಯಕ್ಕನ ತಾಳ್ಮೆ ತಪ್ಪಿತು. "ಬಾರಪ್ಪ, ಬಂದು ನೀನೇ ನೋಡ್ಕೋ" ಎಂದು ಸೀಟೆತ್ತಿ ಮುಚ್ಚಳ ತಿರುಗಿಸಿದರು. ಸುಯ್ ಎಂದಿತು.

ಬೀಗದವನಿಗೆ ಕೇಳಿಸಲಿಲ್ಲ. "ನಾನು ನೋಡಿದ್ದು ಪೆಟ್ರೋಲ್. ತುಂಬಾ ಇತ್ತು, ಇದೆಯಲ್ಲಕ್ಕ ಅಂದೆ. ಅಕ್ಕ ಮುಚ್ಚಳ ಹಿಡ್ಕೊಂಡು ಫುಟ್‌ಪಾತ್ ಮೇಲೆ ಕೂತುಬಿಟ್ರು. ಬೈತಾರೇನೋ ಅಂತ ನಾನು ಆಚೆ ಹೋದೆ" ಎನ್ನುತ್ತಾನೆ.

ಅದು ಗಾಳಿ ಒಳಗೆ ನುಗ್ಗಿದ ಸದ್ದು. ಪೆಟ್ರೋಲ್ ಕೆಳಗಿಳಿದಷ್ಟೂ ಮೇಲಿನಿಂದ ಗಾಳಿ ಬರಬೇಕು. ಅದಕ್ಕೆಂದೇ ಮುಚ್ಚಳದಲ್ಲಿ ಒಂದು ಸಣ್ಣ ದಾರಿ ಇರುತ್ತದೆ. ಅದು ಮುಚ್ಚಿದರೆ ಸ್ವಲ್ಪ ದೂರ ಓಡಿದ ಮೇಲೆ ಪೆಟ್ರೋಲ್ ಇಳಿಯುವುದೇ ನಿಲ್ಲುತ್ತದೆ. ಕಾದರೆ ಎಲ್ಲಿಂದಲೋ ತುಸು ಗಾಳಿ ಸೇರಿ ಗಾಡಿ ಮತ್ತೆ ಹತ್ತುತ್ತದೆ, ಕಾದವನು ಪ್ಲಗ್ ಒರೆಸಿದ್ದಕ್ಕೆ ಸರಿಯಾಯಿತು ಎಂದುಕೊಳ್ಳುತ್ತಾನೆ. ಮನೆಯಲ್ಲಿ ಪೆಟ್ರೋಲ್ ನೋಡಲು ಮತ್ತೆ ಮತ್ತೆ ಮುಚ್ಚಳ ತೆಗೆಯುತ್ತಿದ್ದುದರಿಂದ ದೋಷ ಅಲ್ಲಿ ತಲೆ ಹಾಕಲೇ ಇಲ್ಲ.

ಮುಚ್ಚಳ ಮಗುಚಿ ನೋಡಿದರೆ ಒಳಗೆ ಹಳೆಯ ಟ್ಯೂಬಿನಿಂದ ದುಂಡಗೆ ಕತ್ತರಿಸಿದ ಒಂದು ರಬ್ಬರ್ ಬಿಲ್ಲೆ ಕೂತಿತ್ತು. ಕತ್ತರಿಸಿದ ಕೈ ಯಾರದೆಂದು ಅಂಚು ನೋಡಿದರೇ ಗೊತ್ತಾಗುವಂತಿತ್ತು. ಯಾಕೆ ಎಂಬುದೂ ಕುಳಿತಲ್ಲೇ ಹೊಳೆಯಿತು. ಗಾಡಿ ಮಲಗುವುದು ಮಂಚದ ಪಕ್ಕ. ಮುಚ್ಚಳದ ಸಂದಿನಿಂದ ಬರುವ ಪೆಟ್ರೋಲ್ ವಾಸನೆಗೆ ಕಿವಿಯಕ್ಕನಿಗೆ ಬೆಳಗಾದರೆ ತಲೆನೋವು. ಒಂದು ದಿನ ವಾಸನೆ ನಿಂತಿತು. "ನನಗೇ ಅಭ್ಯಾಸ ಆಯ್ತು ಅಂದ್ಕೊಂಡೆ. ಇವರು ಏನೂ ಹೇಳಲಿಲ್ಲ. ಹೇಳೋ ಜಾತಿಯವರೂ ಅಲ್ಲ" ಎನ್ನುತ್ತಾರೆ.

ಹಾಗಾದರೆ ಮೆಕ್ಯಾನಿಕ್ ತಮ್ಮ ಕೈಯಾರೆ ಗಾಳಿಯ ದಾರಿ ಮುಚ್ಚಿದರೇ? ಈ ಮಾತಿಗೆ ಕಿವಿಯಕ್ಕ ಎದ್ದು ಹೋಗಿ ಕನ್ನಡಿಯ ಕೆಳಗಿನ ಗೂಡಿನಿಂದ ಬಿಲ್ಲೆಯನ್ನು ತಂದು, ಎರಡೂ ಹೆಬ್ಬೆರಳಿನಿಂದ ಎಳೆದು ತೋರಿಸುತ್ತಾರೆ. ನಡುವೆ ಒಂದು ಚುಕ್ಕೆಯಷ್ಟು ಬೆಳಕು ಕಾಣುತ್ತದೆ, ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಟ್ಯೂಬಿನ ರಬ್ಬರ್ ಪೆಟ್ರೋಲಿನಲ್ಲಿ ನೆನೆದು ನೆನೆದು ಊದಿಕೊಂಡಿದೆ.

"ತೂತು ಮಾಡಿದ್ರು" ಎನ್ನುತ್ತಾರೆ. "ನೋಡಿ. ಮರೆತಿರಲಿಲ್ಲ."

ಬ್ರೆಡ್ಡಿನವನು ಬಂದು ನೀಲಿ ಗಾಡಿ ಒಯ್ಯುತ್ತಾನೆ. ಒಂದು ಸುತ್ತು ಬರಲು ಹೇಳಿದರೆ ಅವನೂ ರೇಸ್ ಕೊಡುತ್ತಾನೆ. ಹಿಟ್ಟಿನ ಮೂಟೆಯ ಹತ್ತಿರ ನಿಲ್ಲಿಸಬೇಡ ಎಂದರೆ ತಲೆಯಾಡಿಸುತ್ತಾನೆ, ನಿಲ್ಲಿಸಿಯೇ ನಿಲ್ಲಿಸುತ್ತಾನೆ ಎಂಬುದು ಇಬ್ಬರಿಗೂ ಗೊತ್ತು.

ಈಗ ಬೂದು ಗಾಡಿಯ ಸರದಿ. ಮುಚ್ಚಳದಲ್ಲಿ ಬಿಲ್ಲೆಯಿಲ್ಲ, ಕಂಪನಿಯ ಹಳೆಯ ವಾಷರ್ ಮಾತ್ರ ಇದೆ. ಬುಧವಾರದಿಂದ ಕೋಣೆಯಲ್ಲಿ ಮತ್ತೆ ಪೆಟ್ರೋಲ್ ವಾಸನೆ, ಬೆಳಗಾದರೆ ಮತ್ತೆ ತಲೆನೋವು. ಹೊಸ ಬಿಲ್ಲೆ ಹಾಕುತ್ತೀರಾ ಎಂದರೆ ಇಲ್ಲ ಎನ್ನುತ್ತಾರೆ. "ನೋಯಲಿ. ಎದ್ದ ತಕ್ಷಣ ಮನೇಲಿ ಗಾಡಿ ಇದೆ ಅಂತ ಗೊತ್ತಾಗುತ್ತಲ್ಲ."

ಸುಯ್ ಎಂದದ್ದು ಅನುಮಾನ ಮಾತ್ರ, ರುಜುವಾತಲ್ಲ. ಏರು ಹತ್ತಿದರೆ ಗಂಡನ ಕೈಗೆ ಸಿಗದ ಗಾಡಿ ಸಿಕ್ಕಂತೆ. ಆದರೆ ಅಕ್ಕನಿಗೆ ಹೇಳಲು ಆಮೇಲೆ ನೆಪವೂ ಉಳಿಯುವುದಿಲ್ಲ. ಕಿವಿಯಕ್ಕ ಈ ಸಲ ಟ್ಯಾಂಕ್ ತೆರೆದು ನೋಡುವುದಿಲ್ಲ. ತೆರೆದರೆ ಗಾಳಿ ಸೇರಿ ಪರೀಕ್ಷೆ ಕೆಡುತ್ತದೆ, ರಾತ್ರಿಯೇ ತುಂಬಿಸಿ ಮುಚ್ಚಿದ್ದಾರೆ. ಕಿಕ್ ಹೊಡೆದು, ಹೊರಟು, ತಿರುವಿನಲ್ಲಿ ಮರೆಯಾಗುತ್ತಾರೆ.

ನಂತರದ ವಿವರ ಬೀಗದವನದು. ಕಿವಿಯಕ್ಕ ಏರಿನ ಅರ್ಧಕ್ಕೆ ಬಂದಾಗ ಅವನು ಎದ್ದು ನಿಂತನಂತೆ. ಅಭ್ಯಾಸಬಲದಿಂದ ಪೆಟ್ರೋಲ್ ಇದೆಯಾ ಎಂದು ಕೇಳಲು ಬಾಯಿ ತೆರೆದನಂತೆ. ಗಾಡಿ ನಿಲ್ಲಲಿಲ್ಲ. "ಮುಖ ಕೂಡ ಈ ಕಡೆ ತಿರುಗಿಸಲಿಲ್ಲ. ಕಿವಿ ಎಲ್ಲಾ ಕೆಳಗೆ ಎಂಜಿನ್ ಕಡೆಗೇ ಇತ್ತು."

ಅಕ್ಕನ ಮನೆಯಲ್ಲಿ ನಡೆದದ್ದನ್ನು ಕಿವಿಯಕ್ಕನೇ ಹೇಳುತ್ತಾರೆ. ಸ್ಕೂಟರಿನ ಸದ್ದಿಗೆ ಅಕ್ಕ ಗೇಟಿಗೆ ಓಡಿ ಬಂದರು, ಗಾಡಿಯ ಹಿಂದೆ ಮುಂದೆ ನೋಡಿದರು. ಬಟ್ಟೆಯ ಚೀಲ ಎಲ್ಲಿ ಎಂದು ಕೇಳಿದರು. ತಂದಿಲ್ಲ ಎಂದಾಗ ಮುಖ ಊದಿಸಿಕೊಂಡರು.

"ಮಧ್ಯಾಹ್ನಕ್ಕೆ ಎರಡು ಗಾಡಿ ಒಪ್ಕೊಂಡಿದೀನಿ ಅಕ್ಕ ಅಂದೆ. ಭಾನುವಾರ ಬರ್ತೀನಿ, ಪ್ರತಿ ಭಾನುವಾರ ಬರ್ತೀನಿ, ಇನ್ಮೇಲೆ ಏರಿನ ಭಯ ಇಲ್ವಲ್ಲ ಅಂದೆ. ಕೋಣೆ ಖಾಲಿ ಇಟ್ಟಿರ್ತೀನಿ ಅಂದ್ಲು. ಇಡು ಅಂದೆ."

ಬಿಸಿಲು ಬೀದಿಗೆ ಇಳಿಯುವ ಹೊತ್ತಿಗೆ ಬೂದು ಸ್ಕೂಟರ್ ವಾಪಸ್ ಬರುತ್ತದೆ. ಮನೆಯ ಮುಂದೆ ಬಂದು ನಿಲ್ಲಬೇಕಾದದ್ದು ತಿರುವಿಗಿಂತ ಸ್ವಲ್ಪ ಆಚೆಗೇ ನಿಲ್ಲುತ್ತದೆ. ಕಿವಿಯಕ್ಕ ಎಂಜಿನ್ ಆರಿಸುವುದಿಲ್ಲ. ಸ್ಟ್ಯಾಂಡ್ ಹಾಕಿ, ಗಾಡಿಯನ್ನು ಅದರ ಪಾಡಿಗೆ ಬಿಟ್ಟು, ತಿರುವಿನವರೆಗೆ ನಡೆದು ಬಂದು, ಹಿಂದೆ ಯಾವಾಗಲೂ ನಿಲ್ಲುತ್ತಿದ್ದ ಕಂಬದ ಪಕ್ಕ ಗಾಡಿಯತ್ತ ಮುಖ ಮಾಡಿ ನಿಲ್ಲುತ್ತಾರೆ. ಸೀಟಿನ ಮೇಲೆ ಯಾರೂ ಇಲ್ಲ. ಎಂಜಿನ್ ಒಂದೇ ಸಮನೆ ಓಡುತ್ತಿದೆ.

ಬಲಗೈ ಏಳುವುದಿಲ್ಲ. ಎಡಗೈ ಏಳುವುದಿಲ್ಲ. ಬಹಳ ಹೊತ್ತು ಕೇಳಿ, ಬೆನ್ನು ತಿರುಗಿಸಿ, ಮನೆಯೊಳಗೆ ಹೋಗುತ್ತಾರೆ.