ಯಂಕಮ್ಮ ಚೆಲ್ಲಿದ ಚರಗ

ಕೆ.ಆರ್.ಪುರದ ಆಚೆ ಸಣ್ಣದೊಂದು ಮಣ್ಣು ಸಂಶೋಧನಾ ಕೇಂದ್ರವಿತ್ತು. ನಾನು ಅಲ್ಲಿ ಟೈಪಿಸ್ಟ್, ಯಂಕಮ್ಮ ಹೊಲದ ಕೆಲಸದವಳು. ಪ್ರಯೋಗಕ್ಕೆಂದು ಮಾಡಿದ ಮಣ್ಣಿನ ಮಡಿಗಳ ಮೇಲೆ ತಳವಿಲ್ಲದ ಪೆಟ್ಟಿಗೆ ಕವುಚಿಡುವುದು, ಹೊಸದಾಗಿ ಸೇರಿದ ವಿಜ್ಞಾನಿ ಹುಡುಗಿ ವಿಭಾ ಅದರೊಳಗಿನ ಗಾಳಿಯನ್ನು ಸಿರಿಂಜಿನಲ್ಲಿ ಎಳೆದುಕೊಳ್ಳುವಾಗ ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಲ್ಲುವುದು ಅವಳ ಕೆಲಸ. ಮನುಷ್ಯರ ಉಸಿರು ಸೇರಿದರೆ ಅಳತೆ ಕೆಡುತ್ತದಂತೆ. ಮಣ್ಣು ಎಷ್ಟು ಉಸಿರು ಬಿಡುತ್ತದೆ, ಅದರಿಂದ ಭೂಮಿ ಎಷ್ಟು ಬಿಸಿಯಾಗುತ್ತದೆ ಎಂದು ಅಳೆಯುವ ಆಫೀಸೂ ಇದೆ ಅಂದರೆ ನಮ್ಮ ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ಮೊದಮೊದಲು ನಾನೂ ನಂಬಿರಲಿಲ್ಲ.

ಯಂಕಮ್ಮ ಲಿಂಗಸುಗೂರು ಕಡೆಯವಳು. ಗಂಡ ಹುಲಿಗೆಪ್ಪ ಗರುಡಾಚಾರ್‌ಪಾಳ್ಯದಲ್ಲಿ ಗಾರೆ ಕೆಲಸಕ್ಕೆ ಹೋಗುತ್ತಿದ್ದ. ಅವಳ ತವರಿನ ಹೊಲ ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿಹೋಗಿತ್ತು. ಅವ್ವನನ್ನು ಮಣ್ಣು ಮಾಡಿದ್ದೂ ಆ ಹೊಲದ ಬದುವಿನಲ್ಲೇ. ಎಳ್ಳಮಾವಾಸ್ಯೆಗೆ ಅವರ ಕಡೆ ಬುತ್ತಿ ಹೊತ್ತು ಹೊಲಕ್ಕೆ ಹೋಗಿ, ಭೂಮಿತಾಯಿ ಉಣ್ಣಲಿ ಎಂದು ಅಡುಗೆಯನ್ನು ನೆಲಕ್ಕೆ ಎರಚುತ್ತಾರೆ. ಚರಗ ಚೆಲ್ಲುವುದು ಅನ್ನುತ್ತಾರೆ ಅದಕ್ಕೆ. ಯಂಕಮ್ಮನಿಗೆ ಚೆಲ್ಲಲು ನೆಲವೇ ಉಳಿದಿರಲಿಲ್ಲ. ಅವ್ವ ನೀರಿನಡಿ ಉಪವಾಸ ಮಲಗಿದ್ದಾಳೆ ಎಂಬ ಕೊರಗು ಅವಳನ್ನು ಬಿಡುತ್ತಿರಲಿಲ್ಲ. ಊರಿನ ಮಾತು ಬಂದರೆ ಸಾಕು, ಕಣ್ಣು ತುಂಬಿಕೊಳ್ಳುತ್ತಿದ್ದಳು.

2003ರ ಎಳ್ಳಮಾವಾಸ್ಯೆಯಂದು ಬೆಳಿಗ್ಗೆಯೇ ಬಂದವಳು, ಜೋಳದ ಕಡುಬು, ಪಲ್ಯ, ಅಂಬಲಿ ಎಲ್ಲ ಕಲಸಿ, ಯಾರಿಗೂ ಹೇಳದೆ ನಮ್ಮ ಮಡಿಗಳಿಗೇ ಚರಗ ಚೆಲ್ಲಿಬಿಟ್ಟಳು. ಮರುದಿನದಿಂದ ಅಳತೆಗಳು ಏರಿ ಕೂತವು. ವಿಭಾ ಗಾಳಿ ಅಳೆಯುವ ಯಂತ್ರ ಬಿಚ್ಚಿದಳು, ಸಿರಿಂಜು ಬದಲಿಸಿದಳು, ನನ್ನ ಟೈಪಿಂಗ್ ಮೇಲೂ ಗುಮಾನಿಪಟ್ಟಳು. ಅದಕ್ಕೆ ನಾನು ಅವಳೊಂದಿಗೆ ಮಾತು ಬಿಟ್ಟೆ. ಕೊನೆಗೆ ಮಣ್ಣಿನಲ್ಲಿ ಕಡುಬಿನ ಚೂರು ಸಿಕ್ಕಿತು.

ವಿಭಾ ಕೂಗಾಡಿದಳು. ಮಣ್ಣಿನಲ್ಲಿ ಕಣ್ಣಿಗೆ ಕಾಣದ ಕೋಟಿಗಟ್ಟಲೆ ಜೀವಿಗಳಿವೆ, ಚೆಲ್ಲಿದ್ದನ್ನೆಲ್ಲ ತಿಂದು ಅವು ಉಸಿರು ಬಿಟ್ಟಿವೆ, ಈ ಸಲದ ಅಳತೆಯೆಲ್ಲ ದಂಡವಾಯಿತು ಎಂದಳು. ಅಷ್ಟು ಬೈಗುಳದಲ್ಲಿ ಯಂಕಮ್ಮ ಹಿಡಿದುಕೊಂಡದ್ದು ಒಂದೇ.

“ಉಂಡ್ವಾ ಅಕ್ಕಾರ? ಖರೇನಾ ಉಂಡ್ವಾ?”

ವಿಭಾಳ ಸಿಟ್ಟು ಅಲ್ಲೇ ಇಳಿಯಿತು. ಯಂಕಮ್ಮ ಇನ್ನೊಂದು ಕೇಳಿದಳು.

“ನೀರಾಗ ಮುಳುಗಿದ ಮಣ್ಣೂ ಉಸುರು ಬಿಡ್ತೈತೇನ್ರಿ?”

“ಬಿಡತ್ತೆ ಯಂಕಮ್ಮ. ಗಾಳಿ ಇಲ್ದೇನೇ ಬದುಕೋ ಜೀವಿಗಳು ಅಲ್ಲಿರ್ತವೆ. ಅವು ಬಿಡೋದು ಬೇರೆ ಥರದ ಗಾಳಿ. ಗುಳ್ಳೆ ಆಗಿ ಮೇಲೆ ಬರತ್ತೆ.”

ಮುಂದಿನ ಎಳ್ಳಮಾವಾಸ್ಯೆಗೆ ವಿಭಾ ತಾನಾಗಿಯೇ ರಜೆ ಕೊಟ್ಟಳು. ನಮ್ಮ ಮಡಿಗಳ ಕ್ಷೇಮಕ್ಕೂ ಅದೇ ಒಳ್ಳೆಯದು ಎಂದು ನಾನು ಕಿಚಾಯಿಸಿದೆ. ಯಂಕಮ್ಮ ಹಿನ್ನೀರಿನ ದಡಕ್ಕೆ ಹೋಗಿ, ಹೊಲ ಇದ್ದ ದಿಕ್ಕಿಗೆ ಚರಗ ಚೆಲ್ಲಿ, ನೀರನ್ನೇ ನೋಡುತ್ತ ಕೂತಿದ್ದು ಬಂದಳು. ಗುಳ್ಳೆ ಬಂತಾ ಎಂದು ನಾನು ಕೇಳಿದೆ. ಬಂತು ಅನ್ನಲಿ ಎಂದು ನನಗೂ ಆಸೆಯಿತ್ತು.

“ಬರ್ಲಿಲ್ರಿ,” ಅಂದಳು. “ನಮ್ಮವ್ವ ಹಂಗ ರೀ, ಎಲ್ಲಾರೂ ಉಂಡ ಮ್ಯಾಲೇ ಉಣ್ಣಾಕಿ. ಇನ್ನಷ್ಟು ಹೊತ್ತು ಕುಂದ್ರಬೇಕಿತ್ತು. ಕಡೀ ಬಸ್ಸು ಹೊಂಟಿತ್ತು.”