ಮಲ್ಲಣ್ಣನ ಕಿವಿ ಅಳತಿ

ನಂಬಂಗಿಲ್ಲ ನೋಡ್ರಿ ನೀವು! ವಾಡಿ ಊರಿನ ಕಡೆ ಒಂದು ಸಿಮೆಂಟ್ ಫ್ಯಾಕ್ಟರಿಗೆ ಹೋಗಿದ್ದೆ. ತುದಿಗೆ ಗುಂಡಿದ್ದ ಕಡ್ಡಿ ಕಿವಿತೂತಿನಾಗ ಇಟ್ಟು, ಗದ್ದಲ ತಡಿಯಾಕ ಯಾರಿಗೆ ಸಣ್ಣ ಇಯರ್‌ಪ್ಲಗ್, ಯಾರಿಗೆ ದೊಡ್ಡದು ಅಂತ ಅಳದು ಹೇಳೋದು ನನ್ನ ಕೆಲಸ.

ಸಿಮೆಂಟ್ ಅರಿಯೋ ಮಿಲ್ಲಿನ ಆಪರೇಟರ್ ಮಲ್ಲಣ್ಣ ಬಂದು ಕುಂತ. ಎದುರಿಗೆ ನಿಂತು ಮಾತಾಡಿಸಿದ್ರ ನಕ್ಕೋತ ಜವಾಬ್ ಕೊಟ್ಟ. ಅಳೀಲಿಕ್ಕಂತ ಹಿಂದ ಹೋಗಿ, "ಅಣ್ಣಾ, ಕುತ್ತಿಗಿ ಹೊಳ್ಳಸ್ರಿ" ಅಂದೆ. ಅಲುಗಾಡಲಿಲ್ಲ. ಒದರಿದೆ. ಊಹೂಂ!

ಮುಂದ ಬಂದೆ. ನನ್ನ ಮಾರಿ ನೋಡಿದ್ದೇ ತಡ, ನನಗ ಗೊತ್ತಾಗೇದ ಅಂತ ಅಂವಗ ತಿಳದುಬಿಡ್ತು. ಗಪ್ಪನ ಕೈ ಹಿಡಕೊಂಡ.

"ತಮ್ಮಾ, ಎರಡೂ ಕಿವಿ ಕೇಳಂಗಿಲ್ಲ. ಮಿಲ್ಲಿನ ಗದ್ದಲದಾಗ ಎಲ್ಲಾರೂ ತುಟಿ ನೋಡೇ ಮಾತಾಡ್ತೀವಿ, ಅದಕ್ಕ ಯಾರಿಗೂ ಗೊತ್ತಾಗಿಲ್ಲ. ಹೇಳಬ್ಯಾಡೋ, ನೌಕರಿ ಹೋಗ್ತದ."

"ಮತ್ತ ಸೈರನ್ ಹೊಡದ್ರ ಹ್ಯಾಂಗಣ್ಣಾ?"

"ಮಂದಿ ಓಡೋದು ನೋಡಿ ಓಡ್ತೀನಿ."

"ಯಾರೂ ಇಲ್ಲದಾಗ?"

ಅಷ್ಟರಾಗ ಬಾಗಿಲದಾಗ ಸೂಪರ್‌ವೈಸರ್ ಬಂದು, "ಏನಪಾ, ನಮ್ಮ ಮಲ್ಲಣ್ಣನ ಕಿವಿ ಹ್ಯಾಂಗವ?" ಅಂದ್ರು.

ಮಲ್ಲಣ್ಣ ನನ್ನ ತುಟಿನೇ ನೋಡಾಕತ್ತಿದ್ದ. ಖರೇ ಹೇಳ್ರಿ, ನನ್ನ ಜಾಗಾದಾಗ ನೀವಿದ್ರ ಏನಂತಿದ್ರಿ?