ಎರಡೇ ದಾರಿಯ ಪ್ರೇಮಕಥೆ

ತೊಂಬತ್ತರ ದಶಕದಲ್ಲಿ ಶಿಕಾರಿಪುರದ ಒಂದು ವಾರಪತ್ರಿಕೆಗೆ ನಾವು ನಾಲ್ವರು ಸೇರಿ ಪ್ರೇಮಧಾರಾವಾಹಿ ಬರೆಯುತ್ತಿದ್ದೆವು. ಪ್ರತಿ ಕಂತಿನ ಕೊನೆಗೆ ಎರಡು ದಾರಿ ಕೊಡುವುದು ಪದ್ಧತಿ. ನಾಯಕಿ ಬಸ್ಸು ಹತ್ತಬೇಕೋ, ಅವನಿಗಾಗಿ ಕಾಯಬೇಕೋ? ಓದುಗರು ಕಾರ್ಡು ಬರೆದು ಹೇಳುತ್ತಿದ್ದರು, ಕಥೆ ಹಾಗೇ ಸಾಗುತ್ತಿತ್ತು. ಆ ಎರಡು ದಾರಿ ಯಾವುವು ಎಂದು ಮಾತ್ರ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಕೂತು ನಾವೇ ಗೊತ್ತುಮಾಡುತ್ತಿದ್ದೆವು.

ಪತ್ರಿಕೆಯ ಯಜಮಾನರು, ಅವರ ಗೆಳೆಯರಾದ ಮೇಷ್ಟ್ರು, ನಾನು, ಮೂವರೂ ವಿಭೂತಿ ಹಚ್ಚುವ ಅನುಕೂಲಸ್ಥ ಮನೆಯವರು. ನಾಲ್ಕನೆಯವಳು ಸೊರಬದಿಂದ ಬರುತ್ತಿದ್ದ ಅಂಗನವಾಡಿ ಟೀಚರ್, ಕೇರಿಯ ಹುಡುಗಿ. ಅವಳನ್ನು ಸೇರಿಸಿಕೊಂಡಿದ್ದನ್ನು ಯಜಮಾನರು ಪ್ರೆಸ್ಸಿಗೆ ಬಂದವರಿಗೆಲ್ಲ ಹೇಳಿಯೇ ಕಳಿಸುವರು. ಕೇಳಿ ಕೇಳಿ ನನಗೆ ಮೈ ಉರಿಯುತ್ತಿತ್ತು.

ನಾಯಕಿ ಈ ಟೀಚರ್ ಕಲ್ಪನೆಯ ಕೂಸು. ಟೈಪಿಂಗ್ ಕಲಿಯುವ, ಎದುರುತ್ತರ ಕೊಡುವ ಆ ಹುಡುಗಿಯ ಜಾತಿ ಯಾವುದೆಂದು ಎಲ್ಲೂ ಬಂದಿರಲಿಲ್ಲ. ಓದುಗರು ಅವಳೆಂದರೆ ಜೀವ ಬಿಡುತ್ತಿದ್ದರು. ಕೊನೆಗೊಂದು ಕಂತಿನಲ್ಲಿ ನಾಯಕ, ಜವಳಿ ಅಂಗಡಿಯವರ ಮಗ, ಹೆಣ್ಣು ಕೇಳಲು ಕೇರಿಗೇ ಹೋದ. ಸೊಪ್ಪು ಮಾರುವ ಅವಳ ಅವ್ವ ಕೊಟ್ಟ ನೀರು ಕುಡಿದ.

ಮುಂದಿನ ದಾರಿಗಳನ್ನು ಯಜಮಾನರೇ ಹೇಳಿದರು. ಒಂದು, ನಾಯಕಿ ಕೆಲಸ ಸಿಕ್ಕಿ ದೂರದ ಊರಿಗೆ ಹೋಗುತ್ತಾಳೆ. ಎರಡು, ಅವಳು ನಿಜವಾಗಿ ದೊಡ್ಡ ವ್ಯಾಪಾರಸ್ಥರ ಮಗಳು, ಕೇರಿಯ ಹೆಂಗಸು ಸಾಕಿದ್ದಷ್ಟೇ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. "ಅವಳು ಅವಳಾಗೇ ಮದ್ವಿ ಆಗೋ ದಾರಿ ಎಲ್ಲೈತ್ರೀ ಇದ್ರಾಗೆ?" ಎಂದೆ.

"ಓದುಗರು ಒಪ್ಪಂಗಿಲ್ರೀ."

"ಅವರನ್ನೇ ಕೇಳ್ರಲ್ಲ."

"ಕೇಳಾಕತ್ತೀವಲ್ರೀ, ಎರಡು ದಾರಿ ಕೊಟ್ಟು! ಈ ಟೀಚರ್ ಹೆಸರೂ ಹಾಕ್ತೀವಿ. ಇನ್ನೇನು ಮಾಡ್ಬೇಕು?"

ಮೇಷ್ಟ್ರು ಎರಡೂ ದಾರಿಗಳನ್ನು ಅಚ್ಚಿಗೆ ಬರೆದುಕೊಟ್ಟರು.

ಕಾರ್ಡುಗಳು ರಾಶಿ ಬಿದ್ದವು. ಬಹುತೇಕ ಎಲ್ಲರಿಗೂ ಎರಡನೆಯ ದಾರಿಯೇ ಬೇಕಿತ್ತು. ಈಸೂರಿನ ಕಡೆಯ ಒಬ್ಬಾಕೆ ಬರೆದಿದ್ದರು: ನನಗೆ ಮೊದಲೇ ಗುಮಾನಿ ಇತ್ತು, ಅಂಥ ಗುಣದ ಹುಡುಗಿ ಅಲ್ಲಿ ಹುಟ್ಟಿರಲಿಕ್ಕಿಲ್ಲ. ಯಜಮಾನರು ಅದನ್ನು ಟೀಚರ್ ಎದುರೇ ಗಟ್ಟಿಯಾಗಿ ಓದಿ, "ಕೇರಿ ಮನೀದು ನೀವೇ ಚಲೋ ಬರೀತೀರಿ" ಎಂದು ಆ ಕಂತನ್ನೂ ಅವಳಿಗೇ ಒಪ್ಪಿಸಿದರು.

ಬಸ್ ಸ್ಟ್ಯಾಂಡಿನಲ್ಲಿ ನಾನು ಅವಳ ಕೈ ಹಿಡಿದುಕೊಂಡು, ಬರೆಯಬೇಡ, ಇಬ್ಬರೂ ಬಿಟ್ಟುಬಿಡೋಣ ಎಂದೆ.

"ನಾ ಬರೀದಿದ್ರೆ ಮೇಷ್ಟ್ರು ಬರೀತಾರಕ್ಕ. ಆ ಅವ್ವನ ಬಾಯಾಗೆ ಏನೇನು ಹೇಳಿಸ್ತಾರೋ" ಎಂದಳು.

ಬರೆದಳು. ಅವ್ವ ಮಗಳಿಗೆ ತಲೆ ಬಾಚುತ್ತಾ, ನಿನ್ನನ್ನು ಹೆತ್ತವಳು ನಾನಲ್ಲ ಎಂದು ಹೇಳುವ ಕಂತು. ನಾವು ನಾಲ್ವರು ಬರೆದದ್ದರಲ್ಲಿ ಅಷ್ಟು ಚೆನ್ನಾಗಿದ್ದುದು ಇನ್ನೊಂದಿಲ್ಲ. ಅದೇ ನನಗೆ ಹೆಚ್ಚು ಸಂಕಟ.

ಅದು ಅಚ್ಚಾದ ವಾರ ಸೊರಬಕ್ಕೆ, ಅವಳ ಮನೆಗೆ ಹೋದೆ. ಅವಳ ಅವ್ವನಿಗೆ ಓದಲು ಬರುತ್ತಿರಲಿಲ್ಲ. ಕಥೆಯನ್ನು ಮಗಳ ಬಾಯಿಂದಲೇ ಕೇಳುವುದು ರೂಢಿ. ಅಂದೂ ಪತ್ರಿಕೆ ತಂದು ಮಗಳ ಕೈಗಿಟ್ಟರು. ಅವಳು ತಡವರಿಸದೆ ಕೊನೆಯವರೆಗೂ ಓದಿದಳು. ಅವ್ವ ಕಣ್ಣೊರೆಸಿಕೊಂಡರು. ಬೈಯಲಿ, ಪತ್ರಿಕೆ ಹರಿದು ಒಲೆಗೆ ಹಾಕಲಿ ಎಂದು ನಾನು ಕಾಯುತ್ತಿದ್ದೆ.

"ಒಳ್ಳೇದಾತು ಬಿಡು ಮಗಾ," ಎಂದರು, ನಿಜವಾದ ಖುಷಿಯಲ್ಲಿ. "ಆ ಹುಡುಗಿಯಾದ್ರೂ ಪಾರಾತು."